ಮಿಕ್ಕಿ ಉಳಿದ ವೈರು

ಸಕ್ಕರೆ ಕಾರ್ಖಾನೆಯ ಆ ಹಳೆಯ ಆಂಬುಲೆನ್ಸನ್ನು ಲಾರಿಯಿಂದ ಇಳಿಸುತ್ತಿದ್ದಾಗಲೇ ಮಾರ್ಸುದಿಗೆ ಅದರ ಗುರುತು ಸಿಕ್ಕಿತು. ಅದು ಅಪ್ಪ ಓಡಿಸುತ್ತಿದ್ದ ಗಾಡಿ. ಚಿಕ್ಕವನಿದ್ದಾಗ ಅಪ್ಪನ ತೊಡೆಯ ಮೇಲೆ ಕೂತು ಇದೇ ಸ್ಟೇರಿಂಗ್ ತಿರುಗಿಸಿದ್ದ. ಕೆದಿರಿ ಕಡೆಯ ಗುಜರಿಯೊಂದರಲ್ಲಿ ಗಾಡಿಯನ್ನು ಕೊಂಡವರು ಅಲ್ಲಿಯ ನಿವೃತ್ತ ಟೀಚರು, ಎಲ್ಲರ ಬಾಯಲ್ಲಿ ಬು ರೆತ್ನೊ, ಅಂದರೆ ರೆತ್ನೊ ಅಮ್ಮ. ಎಲ್ಲವೂ ಮೊದಲು ಹೇಗಿತ್ತೋ ಹಾಗೇ ಆಗಬೇಕು ಎಂದಷ್ಟೇ ಅವರು ಹೇಳಿದರು. ಈ ಗಾಡಿಯೇ ಯಾಕೆ ಬೇಕಾಯಿತೆಂದು ಅವರು ಹೇಳಲಿಲ್ಲ. ತನಗೆ ಇದರ ಪರಿಚಯವಿದೆ ಎಂದು ಇವನೂ ಬಾಯಿ ಬಿಡಲಿಲ್ಲ.

ಎಂಜಿನ್ನು, ಬಾಡಿಯ ಕೆಲಸ ಬೇರೆಯವರ ಕೈಯಲ್ಲಿ ಮುಗಿಯಿತು. ಮಲಾಂಗ್ ಊರಿನಲ್ಲಿ ಹಳೆಯ ಗಾಡಿಗಳ ಡ್ಯಾಶ್‌ಬೋರ್ಡ್ ಎಂದರೆ ಮಾರ್ಸುದಿಯೇ. ಪೆಟ್ರೋಲು, ಆಯಿಲು, ಎಂಜಿನ್ನಿನ ಬಿಸಿ, ಬ್ಯಾಟರಿಯ ಚಾರ್ಜು ತೋರಿಸುವ ನಾಲ್ಕು ದುಂಡನೆಯ ಮೀಟರುಗಳನ್ನು ಬಿಚ್ಚಿ, ತೊಳೆದು, ಗಾಜು ಒರೆಸಿ ಮತ್ತೆ ಕೂರಿಸಿದ. ಹಳೆಯ ವೈರುಗಳ ಮೇಲಿನ ಬಟ್ಟೆಯ ಹೊದಿಕೆಯನ್ನು ಇಲಿಗಳು ಮುಗಿಸಿದ್ದವು. ಒಂದೊಂದನ್ನೇ ಕಿತ್ತು, ಅದೇ ಬಣ್ಣದ ಹೊಸ ವೈರು ಎಳೆಯುತ್ತಾ ಹೋದ.

ಕೆಲಸ ಮುಗಿಯುವವರೆಗೆ ಮಲಾಂಗಿನ ನೆಂಟರ ಮನೆಯಲ್ಲಿ ಉಳಿದಿದ್ದ ಬು ರೆತ್ನೊ ಮಧ್ಯಾಹ್ನದ ಹೊತ್ತಿಗೆ ಬಾಳೆಲೆಯಲ್ಲಿ ಸೋಯಾ ಕಾಳಿನ ಕರಿದ ತೆಂಪೆ ಕಟ್ಟಿಸಿಕೊಂಡು ಬಂದು ಸ್ಟೂಲಿನ ಮೇಲೆ ಕೂರುವರು.

"ಪಾಕ್ ಮಾರ್ಸುದಿ, ನಿಮ್ಮ ಪೆಟ್ರೋಲ್ ಮುಳ್ಳು ನನ್ನ ಕ್ಲಾಸಿನ ಕೊನೇ ಬೆಂಚಿನವರ ಥರ. ಎಬ್ಬಿಸಿದ್ರೂ ಏಳಲ್ಲ."

"ಅರ್ತ್ ಸಿಕ್ತಿಲ್ಲ, ಬು. ಟ್ಯಾಂಕಿನ ಹತ್ರ ತುಕ್ಕು ಕೆರೆದ್ರೆ ತಾನಾಗೇ ಏಳ್ತಾನೆ."

ತುಕ್ಕು ಕೆರೆದ ಮೇಲೆ ಮುಳ್ಳು ಎದ್ದಿತು. ಬು ರೆತ್ನೊ ನಕ್ಕರು. ಆದರೆ ಅವರು ಒಮ್ಮೆಯೂ ಗಾಡಿಯ ಒಳಗೆ ಕಾಲಿಡಲಿಲ್ಲ, ಹಿಂದಿನ ಬಾಗಿಲನ್ನು ಮುಟ್ಟಲೂ ಇಲ್ಲ. ಮಾರ್ಸುದಿ ಅದನ್ನು ಗಮನಿಸಿದ್ದ.

ಮೀಟರುಗಳೆಲ್ಲ ಮುಗಿದ ಮೇಲೆ ಒಂದು ವೈರು ಮಿಕ್ಕಿ ಉಳಿಯಿತು. ಯಾವ ಮೀಟರಿಗೂ ಸೇರದ, ಬಣ್ಣ ಮಾಸಿದ ವೈರು. ಅದನ್ನೇ ಹಿಡಿದು ಮಾರ್ಸುದಿ ನೆಲದ ಹಲಗೆಗಳ ಅಡಿಯಲ್ಲಿ ತೆವಳಿಕೊಂಡು ಹಿಂದಕ್ಕೆ ಹೋದ. ರೋಗಿಯ ಮಂಚದ ಪಕ್ಕ ನರ್ಸ್ ಕೂರುವ ಪುಟ್ಟ ಸೀಟಿತ್ತು. ವೈರು ಆ ಸೀಟಿನ ಕೆಳಗೆ, ಕೈ ಇಳಿಬಿಟ್ಟರೆ ಮಾತ್ರ ಸಿಗುವಂಥ ಜಾಗದಲ್ಲಿದ್ದ ಒಂದು ಒತ್ತುಗುಂಡಿಗೆ ಸೇರಿತ್ತು. ಇನ್ನೊಂದು ತುದಿ ಡ್ಯಾಶ್‌ಬೋರ್ಡಿನ ಹಿಂದಿದ್ದ ಪುಟ್ಟ ಗಂಟೆಗೆ. ರೋಗಿಗೆ ಏನಾದರೂ ಆದರೆ ಡ್ರೈವರನನ್ನು ಕರೆಯಲು ಮಾಡಿದ ಏರ್ಪಾಡು.

ಗಂಟೆಗೆ ಯಾರೋ ಬಟ್ಟೆ ಸುತ್ತಿ ದಾರದಿಂದ ಬಿಗಿಯಾಗಿ ಕಟ್ಟಿದ್ದರು. ಕಂದು ಬಾತಿಕ್ ಚೂರು. ಅದೇ ಬಟ್ಟೆಯ ದಿಂಬಿನ ಚೀಲ ಅವನ ಮನೆಯಲ್ಲಿ ಇನ್ನೂ ಇತ್ತು. ಅವನು ಕೂಸಾಗಿದ್ದಾಗ ಅಮ್ಮ ಅವನನ್ನು ಸೊಂಟಕ್ಕೆ ಕಟ್ಟಿಕೊಳ್ಳುತ್ತಿದ್ದ ಬಟ್ಟೆ.

ಬ್ಯಾಟರಿಗೆ ವೈರು ತಾಗಿಸಿ ನೋಡಿದ. ಗಂಟೆ ಮೊಳಗಲಿಲ್ಲ. ಬಟ್ಟೆಯ ಒಳಗಿನಿಂದ ಟಕ್ ಟಕ್ ಎಂದು, ಮುಚ್ಚಿದ ಕದವನ್ನು ಬೆರಳಿನಿಂದ ಬಡಿದ ಹಾಗೆ ಸದ್ದು ಬಂತು.

ಮಾರ್ಸುದಿ ವೈರನ್ನು ಬ್ಯಾಟರಿಯಿಂದ ಎಳೆದುಬಿಟ್ಟ. ಅಪ್ಪ ಕಾರ್ಖಾನೆಯ ಕೆಲಸ ಬಿಟ್ಟು ಬಾತು ಸಾಕಿಕೊಂಡಿದ್ದ ವರ್ಷಗಳಲ್ಲಿ ಊಟದ ನಡುವೆ ತಟ್ಟನೆ ಏಳುತ್ತಿದ್ದ. "ಯಾರೋ ಕರೀತಿದಾರೆ" ಎಂದು ರಸ್ತೆಯವರೆಗೂ ಹೋಗಿ ನೋಡಿ ಬರುತ್ತಿದ್ದ. ಮನೆಯವರಿಗೆ ಯಾವ ಸದ್ದೂ ಕೇಳಿರುತ್ತಿರಲಿಲ್ಲ. ಅಪ್ಪನಿಗೆ ಕೇಳುತ್ತಿದ್ದದ್ದು ಇದು. ಬಟ್ಟೆ ಸುತ್ತಿದರೂ ನಿಲ್ಲದ ಸದ್ದು.

ಮರುದಿನ ಬು ರೆತ್ನೊ ಬಂದಾಗ ಅವನು ಗಂಟೆಯನ್ನು ತೋರಿಸಿದ. ಗುಂಡಿ ಎಲ್ಲಿದೆ ಎಂಬುದನ್ನೂ ಹೇಳಿದ. ಅವರು ಬಹಳ ಹೊತ್ತು ಆ ಬಟ್ಟೆಯನ್ನೇ ನೋಡಿದರು.

"ನಮ್ಮಮ್ಮ ಕೂರ್ತಿದ್ದ ಸೀಟು ಅದು. ಕಾರ್ಖಾನೆ ಆಸ್ಪತ್ರೆ ನರ್ಸು. ಆ ವರ್ಷ ಕೆಂಪು ಪಕ್ಷದವರು, ಕಮ್ಯುನಿಸ್ಟರು ಅಂತ ಸಿಪಾಯಿಗಳು ಊರೂರಲ್ಲಿ ಜನಾನ ಎಳ್ಕೊಂಡು ಹೋದ್ರಲ್ಲ, ಅಮ್ಮನ್ನೂ ಇದರಲ್ಲೇ ತುಂಬಿಕೊಂಡು ಹೋದ್ರು. ಹೋದವರು ಯಾರೂ ವಾಪಸ್ ಬರಲಿಲ್ಲ." ಗಂಟೆಯ ಮೇಲಿನ ದಾರವನ್ನು ಮುಟ್ಟಿ ಹೇಳಿದರು: "ಕತ್ತಲಲ್ಲಿ ಆ ಗುಂಡಿ ಹುಡುಕೋಕೆ ಅವಳನ್ನ ಬಿಟ್ಟು ಬೇರೆ ಯಾರಿಗೆ ಬರುತ್ತೆ?"

"ಓಡಿಸ್ತಿದ್ದದ್ದು ನಮ್ಮಪ್ಪ, ಬು. ಕಾರ್ತೊನೊ."

ಅವರು ತಲೆಯೆತ್ತಿ ಅವನ ಮುಖದಲ್ಲಿ ಯಾರನ್ನೋ ಹುಡುಕುವವರಂತೆ ನೋಡಿದರು.

"ಕಾರ್ತೊನೊ ಮಾಮ. ನನಗೆ ಕಬ್ಬು ಸುಲಿದು ಕೊಡ್ತಿದ್ರು."

ಪಕ್ಕದಲ್ಲೇ ಸಿಪಾಯಿ ಕೋವಿ ಹಿಡಿದು ಕೂತಿರುತ್ತಿದ್ದನಂತೆ ಎಂದು ಅಮ್ಮ ಒಮ್ಮೆ ಹೇಳಿದ್ದಳು. ಆ ಮಾತು ಮಾರ್ಸುದಿಯ ನಾಲಿಗೆಯ ತುದಿಗೆ ಬಂತು. ಆದರೆ ಬಟ್ಟೆ ಸುತ್ತಿದ್ದು ಸಿಪಾಯಿಯಲ್ಲ. ಬು ರೆತ್ನೊ ತೆಂಪೆಯ ಪೊಟ್ಟಣವನ್ನು ಸ್ಟೂಲಿನ ಮೇಲೇ ಬಿಟ್ಟು ಹೊರಟುಹೋದರು.

ಆಮೇಲೆ ಹಲವು ದಿನ ಅವರು ಬರಲಿಲ್ಲ. ಬೇರೆಯವರ ಗಾಡಿಗಳ ಕೆಲಸ ಮಾಡುತ್ತಿದ್ದರೂ ಮಾರ್ಸುದಿ ಆಂಬುಲೆನ್ಸಿಗೆ ಬೆನ್ನು ಹಾಕಿ ನಿಲ್ಲಲಾರದೆ ಹೋದ. ಇಕ್ಕಳ ಕೆಳಗೆ ಬಿದ್ದರೆ, ತಗಡು ಬಿಸಿಲಿಗೆ ಚಟಪಟಗುಟ್ಟಿದರೆ ತಿರುಗಿ ನೋಡುವನು. ಒಮ್ಮೆ ಊಟದ ತಟ್ಟೆಯ ಮುಂದಿನಿಂದ ತಾನೇ ಎದ್ದು ನಿಂತಿದ್ದನ್ನು ಕಂಡು ಹೆದರಿದ.

ಒಂದು ಬೆಳಿಗ್ಗೆ ಬು ರೆತ್ನೊ ಬಂದು, ಬಟ್ಟೆ ತೆಗೆದು ಗಂಟೆಗೆ ವೈರು ಕೊಡಲು ಹೇಳಿದರು. ಅವನು ಕೊಟ್ಟ. ಅವರು ಹಿಂದಿನ ಬಾಗಿಲು ತೆರೆದು, ಉಡುಪು ಸರಿಮಾಡಿಕೊಂಡು ಒಳಗೆ ಹತ್ತಿ ಕೂತರು. ಬಾಗಿಲನ್ನು ಹೊರಗಿನಿಂದ ಹಾಕಿ, ಮುಂದೆ ಡ್ರೈವರ್ ಸೀಟಿನಲ್ಲಿ ಕೂರುವಂತೆ ಮಾರ್ಸುದಿಗೆ ಹೇಳಿದರು.

ಗಂಟೆ ಮೊಳಗಿತು. ಇಡೀ ಶೆಡ್ಡು ತುಂಬುವಂಥ ಸದ್ದು. ಮಾರ್ಸುದಿಯ ಕೈ ಸ್ಟೇರಿಂಗಿಗೆ ಅಂಟಿಕೊಂಡಿತು. ಕಣ್ಣೆದುರಿನ ಚಾರ್ಜು ಮೀಟರಿನ ಮುಳ್ಳು ಹಿಂದಕ್ಕೆ ವಾಲಿ ನಡುಗುತ್ತಿತ್ತು. ಸದ್ದು ನಿಂತಿತು. ಮತ್ತೆ ಮೊಳಗಿತು, ಈ ಸಲ ಬಿಡದೆ. ಅವನು ಇಳಿದು ಓಡಿ ಬಾಗಿಲು ತೆಗೆದ.

ಬು ರೆತ್ನೊ ಬೆವತು ಹೋಗಿದ್ದರು. ಬೆರಳು ಇನ್ನೂ ಗುಂಡಿಯ ಮೇಲೇ ಇತ್ತು.

"ಬಂದ್ರಲ್ಲ," ಎಂದರು.

"ಬಂದೆ, ಬು."

ಅವನು ಕ್ಷಮೆ ಬೇಡಲಿಲ್ಲ, ಅವರು ಕ್ಷಮಿಸಿದೆ ಎನ್ನಲೂ ಇಲ್ಲ. ಗಾಡಿಯನ್ನು ಕೆದಿರಿಯ ತಮ್ಮ ಮನೆ ಮುಟ್ಟಿಸಲು ಡ್ರೈವರನನ್ನು ಗೊತ್ತು ಮಾಡಿದ್ದರು. ಅವನನ್ನು ವಾಪಸ್ ಕಳಿಸಿ, ನೀವೇ ಓಡಿಸಿ ಎಂದು ಮಾರ್ಸುದಿಗೆ ಹೇಳಿದರು. ಮುಂದಿನ ಸೀಟು ಖಾಲಿಯಿದ್ದರೂ ಅವರು ಹಿಂದೆ, ನರ್ಸಿನ ಜಾಗದಲ್ಲೇ ಕೂತರು. ಪುಜೊನ್ ಘಟ್ಟದ ತಿರುವುಗಳಲ್ಲಿ ನಾಲ್ಕೂ ಮುಳ್ಳುಗಳು ತಮ್ಮ ತಮ್ಮ ಜಾಗದಲ್ಲಿ ನೆಟ್ಟಗಿದ್ದವು. ಮಾರ್ಸುದಿ ಅವುಗಳತ್ತ ನೋಡಲಿಲ್ಲ. ಕಿವಿಯನ್ನು ಹಿಂದಕ್ಕೇ ಕೊಟ್ಟುಕೊಂಡು, ಕಾಲನ್ನು ಬ್ರೇಕಿನ ಮೇಲೆ ಹಗುರಾಗಿ ಇಟ್ಟುಕೊಂಡೇ ಕೆದಿರಿಯವರೆಗೂ ಓಡಿಸಿದ.