ಎರಡು ಸಾಲಿನ ಮೊಲಗಳು

ನಾಲ್ಕನೇ ಶನಿವಾರವೂ ತಕ್ಕಡಿಯ ಮುಳ್ಳು ಅದೇ ಮಾತು ಹೇಳಿತು. ಎಡಸಾಲಿನ ಮರಿಗಳು ಸರಾಸರಿ ಒಂದು ಕಿಲೋ ಮುನ್ನೂರು ಗ್ರಾಂ, ಬಲಸಾಲಿನವು ಒಂದು ಕಿಲೋ ಮುನ್ನೂರ ಇಪ್ಪತ್ತು. ಇಪ್ಪತ್ತು ಗ್ರಾಂ ಯಾವ ಮಹಾ! ಬುಟ್ಟಿಯಲ್ಲಿ ಕೂತ ಮರಿ ಎರಡು ಸಲ ಉಚ್ಚೆ ಹೊಯ್ದರೆ ಹೋಯಿತು.

ಕಿರಿಯ ಸೊಸೆ ಕೊನೆಯ ಮರಿಯನ್ನು ಗೂಡಿಗೆ ಬಿಟ್ಟು ಚಿಲಕ ಹಾಕಿದಳು. ಹಿಂದೆ ಅವಳ ಓರಗಿತ್ತಿ ಸೊಂಟಕ್ಕೆ ಕೈಯಿಟ್ಟು ನಿಂತಿದ್ದಳು.

"ಏನಂತೆ ನಿನ್ನ ಪ್ರೋಟೀನು?"

"ಇನ್ನೊಂದು ವಾರ ನೋಡೋಣ ಅಕ್ಕಾ."

"ಒಂದು ತಿಂಗಳು ಅಂತ ಮಾತಾಗಿತ್ತು ತಾಯಿ, ಆಯ್ತು. ಸೋಮವಾರ ಹೊಸ ಫೀಡು ಕಲೆಸಬೇಕು. ಹಳೇ ಹದದಲ್ಲೇ ನಾನು ಕಲೆಸ್ತೀನಿ. ಇನ್ನು ನೀನು ಅದರ ತಂಟೆಗೆ ಬರಬೇಡ."

ಮಾತಿನಲ್ಲಿ ಕೊಂಕಿರಲಿಲ್ಲ. ಅದೇ ಹೆಚ್ಚು ನೋಯಿಸಿತು.

ಈ ಮನೆ ಸೇರಿ ಹದಿನಾರು ವರ್ಷ. ಮೊಲದ ಶೆಡ್ಡಿನಲ್ಲಿ ಗುಡಿಸುವುದು ಅವಳ ಪಾಲು, ನೀರು ತುಂಬುವುದು ಅವಳ ಪಾಲು, ಅಕ್ಕ ಕಲೆಸಿಟ್ಟದ್ದನ್ನು ಹಂಚುವುದೂ ಅವಳದೇ. ಏನು ಕಲೆಸಬೇಕು ಎಂದು ಅವಳನ್ನು ಕೇಳಿದವರಿಲ್ಲ. ಹಾಲು ಬಿಟ್ಟ ಮರಿಗಳು ತಿಂಗಳುಗಟ್ಟಲೆ ಕಡ್ಡಿಯ ಹಾಗೇ ಇರುವುದನ್ನು ನೋಡಿ ನೋಡಿ, ಪಶುವೈದ್ಯರ ಹತ್ತಿರ ಒಂದು ಪುಸ್ತಿಕೆ ಕೇಳಿ ತಂದಿದ್ದಳು. ಓದಿ ಲೆಕ್ಕ ಹಾಕಿದರೆ, ಅಕ್ಕನ ಫೀಡಿನಲ್ಲಿ ಬರೀ ಬೂಸಾ, ಜೋಳದ ನುಚ್ಚು. ಪ್ರೋಟೀನು ನೂರಕ್ಕೆ ಹನ್ನೆರಡು ದಾಟುತ್ತಿರಲಿಲ್ಲ. ಬೆಳೆಯುವ ಮರಿಗೆ ಹದಿನಾರಾದರೂ ಬೇಕು. ಸೋಯಾ ಹಿಂಡಿ ಸೇರಿಸಿದರೆ ಆಯಿತು. ಆದರೆ ಹಿಂದೊಮ್ಮೆ ಅಕ್ಕ ಕೈಯಂದಾಜಿನಲ್ಲಿ ಹಿಂಡಿ ಸುರಿದು, ಹೊಟ್ಟೆ ಕೆಟ್ಟು ಒಂದು ಸೂಲಿನ ಮರಿಗಳೆಲ್ಲ ಸತ್ತಿದ್ದವು. ಅಂದಿನಿಂದ ಹಿಂಡಿ ಎಂದರೆ ಅಕ್ಕನಿಗೆ ಹಾವು ತುಳಿದ ಹಾಗೆ. ಕಾಡಿ ಬೇಡಿ ಒಪ್ಪಿಸಿದ್ದಾಗಿತ್ತು: ಎಡಸಾಲಿಗೆ ಹಳೆಯದು, ಬಲಸಾಲಿಗೆ ಹೊಸದು, ವಾರವಾರ ತೂಕ.

ಈಗ ನೋಡಿದರೆ ಎರಡೂ ಒಂದೇ. ಮೈಗಳ್ಳತನ ಮಾಡಿ ಸೋತಿದ್ದರೆ ಒಪ್ಪಬಹುದಿತ್ತು. ಗ್ರಾಂ ಗ್ರಾಂ ತೂಗಿ, ಕಿವಿಗೆ ಗುರುತು ಹಚ್ಚಿ ಸೋತದ್ದು ಗಂಟಲಲ್ಲಿ ಇಳಿಯಲಿಲ್ಲ.

ಮರುದಿನ ಬೆಳಿಗ್ಗೆ ಫೀಡು ಹಂಚಿ, ಕೈ ತೊಳೆದು, ಕಸಬರಿಕೆ ತರಲು ಮತ್ತೆ ಶೆಡ್ಡಿಗೆ ಹೋದಳು. ಎಡಸಾಲಿನ ಮೊದಲ ಬಟ್ಟಲಿನ ಮೇಲೆ ಕಣ್ಣು ಬಿತ್ತು. ಹಳೆಯ ಫೀಡಿನ ಬಣ್ಣ ಕಂದು, ಹಿಂಡಿ ಬೆರೆಸಿದ ಹೊಸದರದು ಹಳದಿ. ಬಟ್ಟಲಲ್ಲಿ ಎರಡೂ ಬೆರೆತಿದ್ದವು. ಪಕ್ಕದ್ದರಲ್ಲೂ ಅಷ್ಟೇ. ಬಲಸಾಲಿನ ಕಡೆ ತಿರುಗಿದರೆ ಅಲ್ಲಿಯೂ ಕಂದು, ಹಳದಿ.

ಅಕ್ಕ!

ಆ ಹೆಸರು ಮನಸ್ಸಿಗೆ ಬಂದ ವೇಗಕ್ಕೆ ಅವಳಿಗೇ ನಾಚಿಕೆಯಾಯಿತು. ಆದರೂ ಬಂದದ್ದು ಹೋಗಲಿಲ್ಲ. ಸೋಲಿಸಬೇಕು ಅಂತಲೇ ಮಾಡಿದಳಾ? ಹದಿನಾರು ವರ್ಷ ಒಂದೇ ಒಲೆಯಲ್ಲಿ ಬೇಯಿಸಿದವಳು? ನೇರ ಅಡುಗೆಮನೆಗೆ ಹೋದಳು. ಅಕ್ಕ ತರಕಾರಿ ಹೆಚ್ಚುತ್ತಿದ್ದಳು. ಮಾತು ನಾಲಿಗೆಯ ತುದಿಗೆ ಬಂತು. ಅಷ್ಟರಲ್ಲಿ ಅಕ್ಕ ತಲೆಯೆತ್ತದೆ, "ಟೀ ಆರ್ತಾ ಇದೆ, ಕುಡಿ. ಮುಖ ಯಾಕೆ ಹಂಗಿದೆ?" ಎಂದಳು. ಕಿರಿಯವಳು ಟೀ ಕುಡಿದಳು. ಮಾತನ್ನೂ ಅದರ ಜೊತೆ ನುಂಗಿದಳು.

ಸಂಜೆ ಫೀಡು ಹಂಚಿದವಳು ಹೊರಗೆ ಹೋಗದೆ ಹುಲ್ಲಿನ ಕಟ್ಟುಗಳ ಹಿಂದೆ ನಿಂತಳು. ಐದು ನಿಮಿಷವೂ ಆಗಿರಲಿಲ್ಲ, ಚಪ್ಪಲಿಯ ಸದ್ದು. ಬಂದವರು ಅತ್ತೆ. ಒಂದು ಕೈ ಮೊಣಕಾಲಿನ ಮೇಲೆ, ಇನ್ನೊಂದರಲ್ಲಿ ಪುಟ್ಟ ಡಬ್ಬ. ಬಲಸಾಲಿನ ಬಟ್ಟಲಿನಿಂದ ಒಂದೊಂದು ಡಬ್ಬ ತೋಡಿ ಎಡಕ್ಕೆ, ಎಡದ್ದು ಬಲಕ್ಕೆ.

"ತಿನ್ನಪ್ಪಾ, ನೀನೂ ತಿನ್ನು. ಅವರಿಗೇನು ಕೋಡು ಇದೆಯಾ?"

"ಅತ್ತೇ!"

ಡಬ್ಬ ಕೈಜಾರಿತು. ಅತ್ತೆ ಎದೆ ಹಿಡಿದುಕೊಂಡರು. "ಅಯ್ಯೋ ನಿನ್ನ! ಕಳ್ಳರ ಹಾಗೆ ಬಂದು ನಿಲ್ತೀಯಲ್ಲ!"

"ನಾನಾ ಕಳ್ಳಿ? ಎಷ್ಟು ದಿನದಿಂದ ನಡೀತಿದೆ ಇದು?"

"ಮೊದಲನೇ ದಿನದಿಂದ," ಅತ್ತೆ ಗದ್ದ ಎತ್ತಿದರು. "ಒಂದೇ ತಾಯಿ ಮಕ್ಕಳು. ಒಬ್ಬರಿಗೆ ಒಳ್ಳೇದು, ಒಬ್ಬರಿಗೆ ಹೊಟ್ಟು. ಇಷ್ಟು ವಯಸ್ಸಾಯ್ತು, ನನ್ನ ಕಣ್ಣೆದುರಿಗೆ ಪಂಕ್ತಿಭೇದ ಮಾಡಿದ್ದು ಕಂಡಿಲ್ಲಮ್ಮ. ನಿಮ್ಮಕ್ಕನಿಗೆ ಹೇಳಬೇಡ, ಬೈತಾಳೆ."

ಕಿರಿಯವಳಿಗೆ ಸಿಟ್ಟು ಬರಬೇಕಿತ್ತು. ಬಂದದ್ದು ನಗು. ಹುಲ್ಲಿನ ಕಟ್ಟಿನ ಮೇಲೆ ಕುಸಿದು ಕೂತು ಕಣ್ಣಲ್ಲಿ ನೀರು ಬರುವವರೆಗೂ ನಕ್ಕಳು. ಅಕ್ಕ ಅಲ್ಲ. ಅಕ್ಕ ಅಲ್ಲವೇ ಅಲ್ಲ. ಆ ಮಾತು ಬಾಯಿಂದ ಬಿದ್ದಿದ್ದರೆ ಯಾವ ತಕ್ಕಡಿಯಲ್ಲಿಟ್ಟು ವಾಪಸು ತೂಗಿಕೊಳ್ಳುತ್ತಿದ್ದಳು?

ನಗುವಿನ ಸದ್ದಿಗೆ ಅಕ್ಕನೂ ಓಡಿ ಬಂದಳು. ಕಥೆ ಕೇಳಿ ಅತ್ತೆಯನ್ನು ನೋಡಿದಳು, ಬಟ್ಟಲುಗಳನ್ನು ನೋಡಿದಳು, ಒಳಗೆ ಹೋಗಿ ತೂಕ ಬರೆದಿಟ್ಟ ತನ್ನ ಹಳೆಯ ನೋಟ್‌ಬುಕ್ ತಂದಳು. ಎರಡು ಸಾಲನ್ನು ಒಂದಕ್ಕೊಂದು ಹೋಲಿಸುವ ಭರದಲ್ಲಿ ಹಿಂದಿನ ಸೂಲಿನ ತೂಕ ನೋಡಬೇಕು ಅಂತ ಇಬ್ಬರಿಗೂ ಹೊಳೆದಿರಲಿಲ್ಲ.

"ಇದೇ ವಯಸ್ಸಿಗೆ ಹೋದ ಸಲದ ಮರಿಗಳು," ಅಕ್ಕ ಬೆರಳಿಟ್ಟು ಓದಿದಳು, "ಒಂದು ಕಿಲೋ ಎಂಬತ್ತು ಗ್ರಾಂ." ಇನ್ನೊಮ್ಮೆ ಓದಿದಳು. "ಈ ಸಲ ಎರಡು ಸಾಲೂ ಇನ್ನೂರು ಗ್ರಾಂ ಮುಂದೆ! ಅರ್ಧ ಹಳೇದು, ಅರ್ಧ ಹೊಸದು ತಿಂದೇ ಇಷ್ಟು. ಒಂದಕ್ಕೂ ಹೊಟ್ಟೆ ಕೆಟ್ಟಿಲ್ಲ ಅಲ್ವಾ?"

"ಒಂದಕ್ಕೂ ಇಲ್ಲ."

"ನೋಡಿದ್ರಾ, ನಾನು ಕೊಟ್ಟಿದ್ದಕ್ಕೇ ಬೆಳೆದಿದ್ದು," ಎಂದರು ಅತ್ತೆ.

"ನೀವು ಸುಮ್ನಿರಿ ಅತ್ತೆ." ಅಕ್ಕ ಪುಸ್ತಕ ಮುಚ್ಚಿ ಕಿರಿಯವಳತ್ತ ತಿರುಗಿದಳು. "ಬೆಳಿಗ್ಗೆ ಮುಖ ಹಂಗಿದ್ದಿದ್ದು ಇದಕ್ಕಾ? ನನ್ನ ಮೇಲೆ ಅನುಮಾನ?"

ಸುಳ್ಳು ಹೇಳಲಾಗಲಿಲ್ಲ. "ಹೂಂ ಅಕ್ಕಾ. ಬೆಳಿಗ್ಗೆಯಿಂದ."

"ಬೆಳಿಗ್ಗೆಯಿಂದ ಬಾಯಿ ಮುಚ್ಕೊಂಡಿದ್ದೆಯಾ? ನಾನಾಗಿದ್ರೆ ಜಗಳ ಮುಗಿಸಿ ಊಟಕ್ಕೂ ಕೂತಿರ್ತಿದ್ದೆ."

ಸೋಮವಾರ ಬೆಳಿಗ್ಗೆ ಅಕ್ಕ ನುಚ್ಚು, ಬೂಸಾ ಸುರಿದು ರಾಶಿ ಮಾಡಿದಳು. ಹಿಂಡಿಯ ಚೀಲದ ಬಾಯಿ ಬಿಚ್ಚಿ, ಕೈ ಹಾಕಹೋಗಿ ನಿಲ್ಲಿಸಿದಳು.

"ಎಷ್ಟು ಹಾಕ್ಲಿ? ನಂಗೇನು ಗೊತ್ತು, ನೀನೇ ಹೇಳು."

ಕಿರಿಯವಳು ಸೆರಗು ಸೊಂಟಕ್ಕೆ ಸಿಕ್ಕಿಸಿ ರಾಶಿಯ ಮುಂದೆ ಕೂತಳು. "ತೂಗಿ ಕೊಡ್ತೀನಿ ಇರಿ," ಎಂದಳು.