ಯಾರೂ ಬಿತ್ತದ ಸೊಪ್ಪು

ಬೆರಕೆ ಸೊಪ್ಪನ್ನು ಮೊರದಲ್ಲಿ ಹರವಿಕೊಂಡು ಸೋಸುತ್ತಿದ್ದೆ. ಅಣ್ಣೆ, ಗೋಣಿ, ಎಲ್ಲ ಎಳೆಯದು. ನಮ್ಮ ಜಾವಗಲ್ಲಿನ ಬೆದ್ದಲಿನಲ್ಲಿ ಇಷ್ಟು ಹುಲುಸಾದದ್ದು ಎಲ್ಲಿ ಸಿಕ್ಕಿತೋ ಎನಿಸಿತು.

“ಎಲ್ಲಿ ಕೊಯ್ದೆ ಪುಷ್ಪಾ?” ಎಂದು ಸೊಸೆಯನ್ನು ಕೇಳಿದೆ.

“ಕೆಳಗ್ಲ ಹೊಲ್ದಲ್ಲಿ ಅತ್ತೆ. ಕೇರಿಯೋರೆಲ್ಲ ಅಲ್ಲೇ ಕೊಯ್ತಾವ್ರೆ. ಬಾಯಿಗೇನೂ ಸೇರ್ತಿಲ್ಲ, ಬಸ್ಸಾರು ಮಾಡಿ.”

ಪುಷ್ಪಲತಾಗೆ ಏಳು ತಿಂಗಳು. ನನ್ನ ಕೈ ನಿಂತಿತು.

ಎರಡು ವರ್ಷದ ಹಿಂದೆ, ತೊಂಬತ್ತೇಳರಲ್ಲಿ, ಆ ಹೊಲದ ಮೇಲ್ಗಡೆ ಗುಜರಿಯವನೊಬ್ಬ ಯಾವುದೋ ಕಾರ್ಖಾನೆಯ ಸೀಸದ ಡಬ್ಬಿ ಒಡೆದ. ಒಳಗಿದ್ದ ವಿಕಿರಣದ ಪುಡಿ ಮಳೆನೀರಿನ ಜೊತೆ ನಮ್ಮ ಹೊಲಕ್ಕಿಳಿಯಿತು. ಅಧಿಕಾರಿಗಳು ಬಂದು ಮೇಲ್ಮಣ್ಣು ಕೆರೆದು ಒಯ್ದರು, ಸುತ್ತ ತಂತಿ ಬೇಲಿ ಹಾಕಿದರು.

“ಒಂದಿಷ್ಟು ಉಳಿದೇ ಇರುತ್ತೆ. ಪೊಟ್ಯಾಷ್ ಗೊಬ್ಬರ ಅಂದ್ಕೊಂಡು ಬೇರು ಅದನ್ನೂ ಹೀರುತ್ತೆ. ಕಾಳಿಗಿಂತ ಎಲೆಗೆ ಜಾಸ್ತಿ ಏರುತ್ತೆ. ಇಲ್ಲಿ ಏನೇನು ಬೆಳೀತೀರಿ?” ಎಂದು ಅವರಲ್ಲೊಬ್ಬರು ಕೇಳಿದರು.

“ರಾಗಿ, ಅವರೆ” ಎಂದರು ನಮ್ಮ ಯಜಮಾನರು. ಸುತ್ತ ನಿಂತಿದ್ದವರೆಲ್ಲ ಹೌದೆಂದರು. ಸೊಪ್ಪಿನ ಹೆಸರು ಒಬ್ಬರ ಬಾಯಲ್ಲೂ ಬರಲಿಲ್ಲ. ತಾನಾಗಿ ಹುಟ್ಟುವುದು, ಯಾರ ಹೊಲದಲ್ಲಿದ್ದರೂ ಯಾರು ಬೇಕಾದರೂ ಕೊಯ್ಯುವುದು. ಅದನ್ನು ಬೆಳೆ ಎನ್ನುವವರುಂಟೆ? ಕಾಳು ಪರೀಕ್ಷೆಯಾಯಿತು, ತಿನ್ನಬಹುದು ಎಂದರು. ತಂತಿ ಬೇಲಿ ಕಿತ್ತರು.

ಆಮೇಲೆ ಹೊಳೆದು, ಸೊಪ್ಪನ್ನೂ ಪರೀಕ್ಷಿಸಿ ಎಂದು ಅಧಿಕಾರಿಗಳಿಗೆ ಕಾಗದ ಬರೆದೆ. ರಾಗಿ ಮಾರಾಟವಾಗಲಿ, ಆಮೇಲೆ ಅಂಚೆಗೆ ಹಾಕು ಎಂದರು ಯಜಮಾನರು. ಆಯಿತು. ಯುಗಾದಿ ಕಳೆಯಲಿ ಎಂದರು. ಅದೂ ಕಳೆಯಿತು, ಕಾಗದ ಮನೆಯಲ್ಲೇ ಉಳಿಯಿತು. ಕೊಯ್ಯಬೇಡಿ ಎಂದು ಕೇರಿಯವರಿಗೆ ಹೇಳಿದರೆ, ಹಿಡಿ ಸೊಪ್ಪಿಗೂ ಈ ಮುದುಕಿಗೆ ಹೊಟ್ಟೆಕಿಚ್ಚು ಎಂದು ಆಡಿಕೊಂಡರು.

ಮೊರ ಎತ್ತಿಕೊಂಡು ಜಗಲಿಯಲ್ಲಿದ್ದ ಯಜಮಾನರ ಬಳಿ ಹೋದೆ.

“ನೋಡಿ, ಆ ಹೊಲದ ಸೊಪ್ಪು ಬಸುರಿ ಸಾರಿಗೇ ಬಂದೈತೆ.”

“ಸೊಪ್ಪಿಗೂ ಪಹಣಿ ಮಾಡಿಸ್ಬೇಕಿತ್ತೇನೇ? ಕಾಳು ಚೆನ್ನಾಗೈತೆ ಅಂದ್ಮೇಲೆ ಸೊಪ್ಪು ಕೆಡ್ತದಾ?”

“ಕೆಟ್ಟೈತೋ ಇಲ್ವೋ ನಂಗೂ ಗೊತ್ತಿಲ್ಲ. ಅದನ್ನೇ ಕೇಳ್ಬೇಕು ಅಂತಿರೋದು.”

“ಕೇಳು. ಮತ್ತೆ ಬೇಲಿ ಬೀಳ್ತದೆ. ಅರಸೀಕೆರೆ ಮಂಡಿಯೋರು ನಮ್ಮೂರ ಚೀಲಾನೇ ಮುಟ್ಟಲ್ಲ. ಆಗ ಮೊಮ್ಮಗೀಗೆ ಏನಿಕ್ತೀಯ?”

“ಮೊದ್ಲು ನೆಟ್ಟಗೆ ಹುಟ್ಲಿ.”

ಅವರು ಮುಖ ತಿರುಗಿಸಿದರು. ಸೊಪ್ಪನ್ನು ದನಕ್ಕೂ ಹಾಕದೆ ಗುಂಡಿ ತೋಡಿ ಮುಚ್ಚಿದೆ. ಪುಷ್ಪಾ ಬಾಗಿಲಲ್ಲಿ ನಿಂತು ಅಳುತ್ತಿದ್ದಳು. ಬರೆದಿಟ್ಟಿದ್ದ ಕಾಗದದ ಕೊನೆಗೆ ‘ಮನೆಯಲ್ಲಿ ಬಸುರಿ ಇದ್ದಾಳೆ, ಬೇಗ ಬನ್ನಿ’ ಎಂದು ಸೇರಿಸಿ ಅಂಚೆ ಡಬ್ಬಿಯ ಕಡೆ ನಡೆದೆ.

ನೆರೆಮನೆಯ ಶಾಂತಾದೇವಿ ಮಡಿಲ ತುಂಬ ಸೊಪ್ಪು ಕಟ್ಟಿಕೊಂಡು ಡಬ್ಬಿಯ ಹತ್ತಿರ ಎದುರಾದಳು.

“ಯಾರ್ಗಮ್ಮ ಕಾಗ್ದ? ಏನಕ್ಕೆ?”

“ನಿಮ್ಮೆಲ್ರ ಕೈಲೂ ಬೈಸ್ಕೊಳಕ್ಕೆ ಕಣೇ” ಎಂದು ಕಾಗದವನ್ನು ಡಬ್ಬಿಗೆ ಹಾಕಿದೆ.