ಸುರುಳಿಯೊಳಗಿನ ಚುಕ್ಕೆ

"ಅಪ್ಪ ಗಡಿಯಾರದಂಗಡಿ ಮುಚ್ತಾರಂತೆ. ತಮ್ಮ ಕಣ್ಣಿನ ಮೇಲೆ ತಮಗೇ ನಂಬಿಕೆ ಇಲ್ವಂತೆ" ಎಂದು ಹೆಂಡತಿ ಹೇಳಿದಾಗ, ಔಷಧಿ ಅಂಗಡಿ ನಡೆಸುವ ಅಳಿಯ ಬಾಯಿಗೆತ್ತಿದ ತುತ್ತನ್ನು ತಟ್ಟೆಗೇ ಇಳಿಸಿದ.

ಹೋದ ತಿಂಗಳು ಅವನು ತನ್ನ ದೂರದರ್ಶಕದಲ್ಲಿ ಮೂರು ರಾತ್ರಿ ತೆಗೆದ ಇನ್ನೂರು ಚಿತ್ರಗಳನ್ನು ಒಂದರ ಮೇಲೊಂದು ಪೇರಿಸಿ, ಕೋಟಿಗಟ್ಟಲೆ ಜ್ಯೋತಿರ್ವರ್ಷ ಆಚೆಯ ಸುರುಳಿ ಗ್ಯಾಲಕ್ಸಿಯೊಂದನ್ನು ಕಂಪ್ಯೂಟರಿನಲ್ಲಿ ಅರಳಿಸಿದ್ದ. ಮನೆಮಂದಿಯೆಲ್ಲ ಬಾಯಿಬಿಟ್ಟು ನೋಡುತ್ತಿದ್ದರೆ ಮಾವ ಮಾತ್ರ ಪರದೆಗೆ ಬೆರಳಿಟ್ಟರು.

"ಅಳಿಯಂದ್ರೇ, ಈ ಸುರುಳಿ ತುದೀಲೊಂದು ಚುಕ್ಕೆ ಇದೆ. ನೀವು ಹೋದ ವರ್ಷ ತೆಗೆದ ಫೋಟೋದಲ್ಲಿ ಇರ್ಲಿಲ್ಲ."

ಗಡಿಯಾರದ ಕೂದಲೆಳೆಯಂಥ ಸ್ಪ್ರಿಂಗಿನ ಸುರುಳಿಯಲ್ಲಿ ಧೂಳಿನ ಕಣ ಹುಡುಕುತ್ತ ನಲವತ್ತು ವರ್ಷ ಸವೆದ ಕಣ್ಣು ಅದು. ಆದರೆ ಆಕಾಶಕ್ಕೆ ಏಣಿ ಹಾಕುವವನಿಗೆ ಪಕ್ಕದ ಕುರ್ಚಿ ಕಂಡೀತೆ? ಅಳಿಯ ಒಂದು ಕಣ್ಣು ಕಿರಿದು ಮಾಡಿ, ಮಾವನ ಹಾಗೇ ಮೂಗಿನಿಂದ ರಾಗ ಎಳೆದ: "ಚುಕ್ಕೆ ಇದೇ... ಎರಡು ಹನಿ ಎಣ್ಣೆ ಬಿಟ್ರೆ ಸರಿಹೋಗ್ತದೇ..."

ನಾದಿನಿ ಹೊಟ್ಟೆ ಹಿಡಿದುಕೊಂಡು ನಕ್ಕಳು. "ಅದು ಕ್ಯಾಮೆರಾದ ಕೊಳೆ, ಮಾವ. ಇಲ್ಲಾಂದ್ರೆ ಪೊರೆ ಆಪರೇಷನ್ ಆದ ನಿಮ್ಮ ಕಣ್ಣಿಂದು!" ಎನ್ನುತ್ತ ಅಳಿಯ ಚುಕ್ಕೆಯನ್ನು ಅಳಿಸಿಯೇಬಿಟ್ಟ. ಮೂರೂ ರಾತ್ರಿಯ ಚಿತ್ರಗಳನ್ನು ತಾಳೆ ನೋಡಲು ಐದು ನಿಮಿಷ ಸಾಕಿತ್ತು. ಎಲ್ಲಿ ನಗು ನಿಂತುಹೋದೀತೋ ಎಂದು ನೋಡಲಿಲ್ಲ.

ವಾರದಲ್ಲೇ ಸುದ್ದಿ ಬಂತು: ಆ ಗ್ಯಾಲಕ್ಸಿಯಲ್ಲಿ ನಕ್ಷತ್ರವೊಂದು ಸಿಡಿದಿದೆ, ಯಾರೋ ಕಂಡುಹಿಡಿದಿದ್ದಾರೆ. ಅದೇ ಜಾಗ, ಅದೇ ಚುಕ್ಕೆ. ಅಳಿಯ ಬಾಯಿಗೆ ಬೀಗ ಜಡಿದುಕೊಂಡ.

ಈಗ ಊಟ ಬಿಟ್ಟೆದ್ದು, ಮೂಲ ಚಿತ್ರಗಳನ್ನು ಹಿಡಿದು ಮಾವನ ಅಂಗಡಿಗೆ ಓಡಿದ. ಮೇಜು ಬೋಳಾಗಿತ್ತು.

"ಮಾವ, ಚುಕ್ಕೆ ನಿಜ. ನಿಮ್ಮ ಕಣ್ಣಿಗೆ ಏನೂ ಆಗಿಲ್ಲ. ನಂಗೆ ಗೊತ್ತಾಗಿ ಮೂರು ವಾರ ಆಯ್ತು."

ಮಾವ ಚಿತ್ರಗಳನ್ನು ಬಿಟ್ಟು ಅವನ ಮುಖವನ್ನೇ ನೋಡಿದರು. "ಮೂರು ವಾರ?"

"ಹೂಂ."

"ಚಿಮುಟ, ಭೂತಗನ್ನಡಿ ಎಲ್ಲಾ ಎದುರು ಬೀದಿ ರಿಪೇರಿಯವನಿಗೆ ನಿನ್ನೆ ಕೊಟ್ಬಿಟ್ಟೆ. ಕಣ್ಣು ಹೋಯ್ತಪ್ಪಾ ಅಂತ ಹೇಳಿ ಕೊಟ್ಟೆ."

"ನಾನೇ ಹೋಗಿ ತರ್ತೀನಿ."

"ಏನಂತ ಹೇಳಿ ತರ್ತೀರಿ, ಅಳಿಯಂದ್ರೇ?"

ಅಳಿಯ ಬೀದಿ ದಾಟಿದ. ರಿಪೇರಿಯವನು ತಲೆಯೆತ್ತಿ, "ಪಾಪ, ಹಿರಿಯರ ಕಣ್ಣು ಹೇಗಿದೆ?" ಎಂದ. ನಾಲ್ವರು ಗಿರಾಕಿಗಳು ಕೂತಿದ್ದರು. ಅವರು ಏಳುವತನಕ ಹೊರಗೆ ಕಾಯೋಣವೆನಿಸಿತು. ಕಾಯಲಿಲ್ಲ. ಅಣಕಿಸಿದ್ದನ್ನೂ ಬಿಡದೆ, ಅವರೆದುರಿಗೇ ಮೊದಲಿನಿಂದ ಹೇಳತೊಡಗಿದ.